ಇದ್ಯಾವ ಸೀಮೆಯ ಬದನೆ?

ಸೀಮೆಬದನೆಗೂ ಬದನೆಗೂ ಏನೂ ಸಂಬಂಧವಿಲ್ಲ. ಬದನೆ ಗಿಡ, ಇದು ಬಳ್ಳಿ. ಬದನೆಯ ನೆಂಟರು ಟೊಮೆಟೊ, ಆಲೂಗೆಡ್ಡೆ, ಮೆಣಸಿನಕಾಯಿ. ಸೀಮೆಬದನೆಯ ನೆಂಟರು ಸೌತೆ, ಸೋರೆ, ಹೀರೆ, ಹಾಗಲ, ಕುಂಬಳ. ಬದನೆ ಹೆಚ್ಚಿದರೆ ಒಳಗೆಲ್ಲ ಬೀಜ. ಇದರಲ್ಲಿ ಒಂದೇ ಒಂದು ಬೀಜ. ಅದೂ ಮೆತ್ತಗೆ, ಚಪ್ಪಟೆಯಾಗಿ, ಹೋಳು ಮಾಡುವಾಗ ಜಾರಿಕೊಂಡು ಹೋಗುತ್ತದೆ. ಇಷ್ಟಾದರೂ ನಾವು ಅದನ್ನು ಬದನೆ ಅಂತಲೇ ಕರೆಯುತ್ತೇವೆ. ಯಾವುದೋ ಸೀಮೆಯ ಬದನೆ.

ಈ ಹೆಸರಿನ ಹಿಂದೆ ಬೀಳುವ ಹುಚ್ಚು ಹತ್ತಿಸಿದ್ದು ಪಕ್ಕದ ಮನೆಯ ಮಾಮಿ. ಅವರು ಮದ್ರಾಸಿನವರು. ತರಕಾರಿ ಗಾಡಿ ಬಂದಾಗ ‘ಬೆಂಗಳೂರ್ ಕತ್ರಿಕ್ಕಾ ಅರ್ಧ ಕೆಜಿ’ ಅನ್ನುತ್ತಿದ್ದರು. ಅಮ್ಮ ಅದೇ ಗಾಡಿಯವನ ಹತ್ತಿರ ‘ಸೀಮೆಬದನೆ ಹೇಗಪ್ಪಾ ಇವತ್ತು?’ ಅಂತ ಕೇಳುತ್ತಿದ್ದರು. ಅವನು ಇಬ್ಬರಿಗೂ ಒಂದೇ ಗುಡ್ಡೆಯಿಂದ ಆರಿಸಿ ಕೊಡುತ್ತಿದ್ದ. ತೆಲುಗಿನವರೂ ಹಾಗೇ, ‘ಬೆಂಗಳೂರು ವಂಕಾಯ’ ಅನ್ನುತ್ತಾರೆ. ತಮಾಷೆ ನೋಡಿ. ಅಕ್ಕಪಕ್ಕದವರೆಲ್ಲ ಇದು ನಿಮ್ಮೂರಿಂದ ಬಂದದ್ದು ಅಂತ ನಮ್ಮ ಕಡೆ ಕೈ ತೋರಿಸುತ್ತಾರೆ. ನಾವು ಇದು ನಮ್ಮದಲ್ಲ ಅಂತ ಸಮುದ್ರದ ಕಡೆ ಕೈ ತೋರಿಸುತ್ತೇವೆ.

ಈ ‘ಸೀಮೆ’ ಅನ್ನೋ ಪದ ಕನ್ನಡದಲ್ಲಿ ಸಾಕಷ್ಟು ಸುತ್ತಾಡಿದೆ. ಮೊದಲಿಗೆ ಅದು ಗಡಿ, ಎಲ್ಲೆ. ಆಮೇಲೆ ಆ ಎಲ್ಲೆಯ ಒಳಗಿನ ನೆಲಕ್ಕೇ ಆ ಹೆಸರು ಬಂತು. ಬಯಲುಸೀಮೆ, ರಾಯಲಸೀಮೆ ಅನ್ನುವಾಗ ಇರುವುದು ಇದೇ ಅರ್ಥ. ಅಲ್ಲಿಯ ತನಕ ಸೀಮೆ ನಮ್ಮದೇ. ಬ್ರಿಟಿಷರ ಕಾಲಕ್ಕೆ ಪದ ಹೊರಮುಖವಾಗಿ ತಿರುಗಿತು. ಸೀಮೆ ಅಂದರೆ ಹಡಗು ಹತ್ತಿ ಹೋಗಬೇಕಾದ ದೂರದ ದೇಶ, ದೊರೆಗಳ ದೇಶ ಅಂತಾಯಿತು. ತಮಿಳಿನ ‘ಸೀಮೈ’ ಕೂಡ ಹೀಗೇ ತಿರುಗಿತು. ಉತ್ತರದವರು ಇದೇ ಕೆಲಸಕ್ಕೆ ‘ವಿಲಾಯತಿ’ ಬಳಸಿದರು.

ಹಡಗಿನಿಂದ ಇಳಿದ ಸಾಮಾನಿಗೆಲ್ಲ ಹೊಸ ಹೆಸರು ಹುಡುಕುತ್ತಾ ಕೂರಲು ಯಾರಿಗೆ ಪುರುಸೊತ್ತು? ಮನೆಯಲ್ಲಿ ಅದನ್ನು ಹೋಲುವ ಹಳೆಯ ವಸ್ತು ಯಾವುದಿದೆ ನೋಡು, ಅದರ ಹಿಂದೆ ಸೀಮೆ ಅಂಟಿಸು, ಮುಗೀತು. ದೀಪಕ್ಕೆ ಎಣ್ಣೆ ಇತ್ತು, ಸೀಮೆಎಣ್ಣೆ ಬಂತು. ಗೋಡೆಗೆ ಸುಣ್ಣ ಇತ್ತು, ಕರಿಹಲಗೆಗೆ ಸೀಮೆಸುಣ್ಣ ಬಂತು. ಈ ಅಭ್ಯಾಸ ಬ್ರಿಟಿಷರು ಹೋದ ಮೇಲೂ ನಿಲ್ಲಲಿಲ್ಲ. ಮೂಟೆಯಲ್ಲಿ ಬಂದ ಯೂರಿಯಾ ನಮ್ಮ ಹಳ್ಳಿಗಳಲ್ಲಿ ಸೀಮೆಗೊಬ್ಬರವಾಯಿತು. ಜರ್ಸಿ, ಹೋಲ್‌ಸ್ಟೀನ್ ತಳಿಗಳು ಸೀಮೆಹಸುಗಳಾದವು. ಸೀಮೆಯ ಎದುರಿಗೆ ನಿಲ್ಲುವುದು ‘ನಾಟಿ’. ನಾಟಿ ಹಸು, ನಾಟಿ ಕೋಳಿ, ನಾಟಿ ಟೊಮೆಟೊ. ಸೀಮೆಹಸು ಹಾಲು ಜಾಸ್ತಿ ಕೊಡುತ್ತದೆ, ಆದರೆ ಹಾಲು ನೀರು ನೀರು ಅಂತ ಗೊಣಗುವವರೇ ಎಲ್ಲ. ಈ ಪದದಲ್ಲಿ ಒಂದು ಬೆರಗೂ ಇದೆ, ಒಂದು ಅಸಡ್ಡೆಯೂ ಇದೆ. ಯಾರಾದರೂ ಕೆಲಸ ಕೆಡಿಸಿದರೆ ‘ಅದ್ಯಾವ ಸೀಮೆ ಮೇಸ್ತ್ರಿನಯ್ಯಾ ನೀನು?’ ಅಂತ ಬೈಯುತ್ತೇವಲ್ಲ, ಅಲ್ಲಿ ಉಳಿದಿರುವುದು ಅಸಡ್ಡೆ ಮಾತ್ರ.

ಇಲ್ಲೊಂದು ಎಡವಟ್ಟಿದೆ. ಸೀಮೆ ಅಂದರೆ ಇಂಗ್ಲೆಂಡಿನ ಕಡೆ ಅಂತ ಇಟ್ಟುಕೊಂಡರೆ, ಸೀಮೆಬದನೆಗೆ ಆ ದೇಶದ ಹವೆಯೇ ಒಗ್ಗುವುದಿಲ್ಲ. ಒಂದು ರಾತ್ರಿ ಹಿಮ ಹೆಪ್ಪುಗಟ್ಟಿದರೆ ಬಳ್ಳಿ ಕರಕಲು. ಅದರ ನಿಜವಾದ ಊರು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ತಂಪಾದ ಬೆಟ್ಟಗಳು. ಅಸ್ಟೆಕ್ ಜನರ ನಹುವಾತ್ಲ್ ಭಾಷೆಯಲ್ಲಿ ಅದು ‘ಚಾಯೋತ್ಲಿ’. ಸ್ಪೇನಿನವರ ಬಾಯಲ್ಲಿ ‘ಚಯೋಟೆ’ ಆಯಿತು. ಟೊಮೆಟೊ, ಚಾಕೊಲೇಟ್, ಆವಕಾಡೊ, ಚಿಲ್ಲಿ ಇವೆಲ್ಲ ಅದೇ ಭಾಷೆಯಿಂದ ಹೊರಬಿದ್ದ ಪದಗಳು. ಗ್ವಾಟೆಮಾಲಾದವರು ಇದನ್ನು ‘ಗ್ವಿಸ್ಕಿಲ್’ ಅನ್ನುತ್ತಾರೆ. ಅದೂ ನಹುವಾತ್ಲ್ ಮೂಲದ್ದೇ, ಮುಳ್ಳು ಮತ್ತು ಸೊಪ್ಪು ಅನ್ನುವ ಎರಡು ಪದಗಳು ಸೇರಿ ಆದದ್ದು. ಅಲ್ಲಿ ಮೈತುಂಬ ಮುಳ್ಳಿರುವ ಜಾತಿಗಳಿವೆ. ನಮ್ಮ ಸಂತೆಗೆ ಬರುವುದು ನುಣ್ಣಗಿನ ಜಾತಿ. ಅಪರೂಪಕ್ಕೆ ಒಂದೆರಡು ಮುಳ್ಳು ಚುಚ್ಚಿದಾಗ ಅದಕ್ಕೆ ತನ್ನ ಪೂರ್ವಿಕರ ನೆನಪಾಗಿದೆ ಅಂದುಕೊಳ್ಳಬೇಕು.

ಸ್ಪೇನ್ ದೊರೆ ಎರಡನೇ ಫಿಲಿಪ್ಪನ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ 1570ರ ದಶಕದಲ್ಲಿ ಮೆಕ್ಸಿಕೋ ಸುತ್ತಿ ಗಿಡಮೂಲಿಕೆಗಳ ದೊಡ್ಡ ದಾಖಲೆ ಮಾಡಿದ. ಅದರಲ್ಲಿ ಇದೂ ಇದೆ. ಆದರೆ ಸಸ್ಯಶಾಸ್ತ್ರಜ್ಞರ ಪಟ್ಟಿಗೆ ಇದು ಬಂದದ್ದು ಜಮೈಕಾದ ದಾರಿಯಿಂದ, ಪ್ಯಾಟ್ರಿಕ್ ಬ್ರೌನ್ 1756ರಲ್ಲಿ ಆ ದ್ವೀಪದ ಬಗ್ಗೆ ಬರೆದ ಪುಸ್ತಕದಲ್ಲಿ. ಅಲ್ಲಿನ ಜನ ಅದನ್ನು ‘ಚೋಚೊ’ ಅನ್ನುತ್ತಾರೆ.

ಈಗ ‘ಬದನೆ’ಯ ವಿಷಯ. ಆಕಾರ, ಬಣ್ಣ ನೋಡಿ ಇಟ್ಟದ್ದು ಅನ್ನುವುದು ನನ್ನ ಊಹೆ. ಬೇರೆ ಕಡೆಯವರಿಗೆ ಬದನೆ ಅಂದರೆ ನೇರಳೆ ಬಣ್ಣ. ನಮಗೆ ಹಾಗಲ್ಲ. ಉಡುಪಿಯ ಮಟ್ಟುಗುಳ್ಳ ತಿಳಿಹಸಿರು. ಮೈಸೂರು, ಬೆಂಗಳೂರು ಕಡೆ ಹಸಿರು ಬದನೆ ಮಾಮೂಲು. ಅದರ ಪಕ್ಕದಲ್ಲಿ ಈ ತಿಳಿಹಸಿರು, ಗುಂಡುಗುಂಡಾದ, ಅಂಗೈಗೆ ಕೂರುವ ಕಾಯಿ ಇಟ್ಟರೆ ಬದನೆ ಅಂತ ಬಾಯಿಗೆ ಬರುವುದು ಸಹಜ. ಬಳ್ಳಿ ನೋಡಿದ್ದವರಾಗಿದ್ದರೆ ಸೀಮೆಸೌತೆ ಅನ್ನುತ್ತಿದ್ದರೋ ಏನೋ. ಅಂದರೆ ಹೆಸರಿಟ್ಟವರು ಬೆಳೆದವರಲ್ಲ, ಕೊಂಡವರು. ಇದು ತೋಟದಲ್ಲಿ ಹುಟ್ಟಿದ ಹೆಸರಲ್ಲ, ಮಾರ್ಕೆಟ್ಟಿನಲ್ಲಿ ಹುಟ್ಟಿದ ಹೆಸರು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬಂಗಾಳದಲ್ಲಿ ಇನ್ನೂ ಚೆಂದದ ಗೊಂದಲವಿದೆ. ಅಲ್ಲಿ ‘ಬಿಲಾತಿ ಬೇಗುನ್’ ಅಂತ ಒಂದು ಹೆಸರಿದೆ. ಬಿಲಾತಿ ಅಂದರೆ ವಿಲಾಯತಿ, ಬೇಗುನ್ ಅಂದರೆ ಬದನೆ. ಅಕ್ಷರಕ್ಷರ ನಮ್ಮ ಸೀಮೆಬದನೆಯೇ. ಆದರೆ ಅವರು ಆ ಹೆಸರಿನಲ್ಲಿ ಕರೆಯುವುದು ಟೊಮೆಟೊ! ಒಡಿಯಾದಲ್ಲೂ ಹಾಗೇ. ಟೊಮೆಟೊ ನಿಜವಾಗಿಯೂ ಬದನೆಯ ಕುಟುಂಬದ್ದು. ಅವರು ಸುಮ್ನೆ ಹೆಸರಿಟ್ಟರೂ ಸಸ್ಯಶಾಸ್ತ್ರ ಸರಿಹೋಯಿತು. ನಮ್ಮದು ತಪ್ಪಿತು.

ಇನ್ನು ಊರೂರ ಹೆಸರುಗಳು. ನನಗೆ ಇದರಲ್ಲಿ ತುಂಬ ಹಿಡಿಸಿದ ಭಾಗ ಇದೇ. ಇಂಡೊನೇಷ್ಯಾದವರು ಇದನ್ನು ‘ಲಾಬು ಸಿಯಾಮ್’ ಅನ್ನುತ್ತಾರೆ. ಸಿಯಾಮಿನ ಕುಂಬಳ ಅಂತ. ಸಿಯಾಮ್ ಅಂದರೆ ಥಾಯ್ಲೆಂಡ್. ಸರಿ, ಥಾಯ್ಲೆಂಡಿನವರು ಏನನ್ನುತ್ತಾರೆ? ‘ಫಕ್ ಮಿಯಾವ್’, ಅಂದರೆ ಬೆಟ್ಟದ ಮಿಯಾವ್ ಜನರ ಕುಂಬಳ. ಬರ್ಮಾದವರು ಇದಕ್ಕೆ ಗೂರ್ಖಾ ಕಾಯಿ ಅಂತಾರೆ. ಗೂರ್ಖಾಗಳ ನೇಪಾಳಕ್ಕೆ ಹೋದರೆ ಅಲ್ಲಿ ಅದು ‘ಇಸ್ಕುಸ್’. ಇಂಗ್ಲಿಷಿನ ಸ್ಕ್ವಾಷ್ ಪದ ಬೆಟ್ಟ ಹತ್ತಿ ಹಾಗಾಗಿದೆ. ಮಿಜೋರಾಮಿನಲ್ಲಿ ಅದೇ ಪದ ‘ಇಸ್ಕುತ್’. ಜಪಾನಿಗೆ ಇದು ದಕ್ಷಿಣದ ಕಾಗೋಶಿಮಾ ಮೂಲಕ ಬಂತು. ಹಳೆಯ ಕಾಲದಲ್ಲಿ ಆ ಸೀಮೆಯಲ್ಲಿದ್ದ ಹಯಾತೊ ಜನರ ಹೆಸರಿನಲ್ಲಿ ಅದು ‘ಹಯಾತೊ ಉರಿ’ ಆಯಿತು. ಫ್ರೆಂಚರ ಕೆರಿಬಿಯನ್ ದ್ವೀಪಗಳಲ್ಲಿ ‘ಕ್ರಿಸ್ಟೊಫಿನ್’, ಕ್ರಿಸ್ಟೊಫರ್ ಕೊಲಂಬಸನ ಹೆಸರು. ಎಲ್ಲರೂ ಪಕ್ಕದವರನ್ನು ತೋರಿಸುವವರೇ. ಈ ಪಟ್ಟಿಯಲ್ಲಿ ಮೆಕ್ಸಿಕೋ ಹೆಸರು ಎತ್ತಿದವರು ಒಬ್ಬರೂ ಇಲ್ಲ.

ಇದು ಬರೀ ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಕಾರಣ ಆ ಜಾರುವ ಬೀಜದಲ್ಲಿದೆ. ಬೇರೆ ತರಕಾರಿಗಳ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ವರ್ಷ ಕಳೆದ ಮೇಲೂ ಮೊಳೆಯುತ್ತದೆ. ಹಡಗಿನಲ್ಲಿ ಪ್ರಪಂಚ ಸುತ್ತಿಸಬಹುದು. ಸೀಮೆಬದನೆಯ ಬೀಜ ಒಣಗಿದರೆ ಸತ್ತಿತು. ಅದು ಕಾಯಿಯಿಂದ ಹೊರಗೆ ಬರುವುದೇ ಇಲ್ಲ, ಕಾಯಿಯೊಳಗೇ ಮೊಳೆಯುತ್ತದೆ. ಬುಟ್ಟಿಯಲ್ಲಿ ಮರೆತುಬಿಟ್ಟರೆ ಅಗಲವಾದ ತುದಿಯ ಬಾಯಿ ಬಿಚ್ಚಿಕೊಂಡು ಹಸಿರು ಮೊಳಕೆ ಇಣುಕುವುದನ್ನು ನೀವೂ ನೋಡಿರುತ್ತೀರಿ. ನೆಡಬೇಕಾದರೆ ಇಡೀ ಕಾಯಿಯನ್ನೇ ನೆಡಬೇಕು. ಅಂದರೆ ಈ ಬಳ್ಳಿ ಹೆಪ್ಪಿನ ಹಾಗೆ. ಈಗಾಗಲೇ ಇರುವ ಮನೆಯಿಂದಲೇ ಕೇಳಿ ತರಬೇಕು. ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ, ಒಂದು ಬೆಟ್ಟದಿಂದ ಪಕ್ಕದ ಬೆಟ್ಟಕ್ಕೆ, ಸಣ್ಣ ಸಣ್ಣ ಹೆಜ್ಜೆ. ಹಾಗೆ ಬಂದ ಮೇಲೆ ಹೆಸರು ಕೂಡ ಕೊಟ್ಟವರದೇ ಆಗುತ್ತದೆ, ಅಲ್ವಾ? ಗೂರ್ಖಾ ಕೊಟ್ಟರೆ ಗೂರ್ಖಾ ಕಾಯಿ. ಬೆಂಗಳೂರಿಂದ ಬಂದರೆ ಬೆಂಗಳೂರ್ ಕತ್ರಿಕ್ಕಾ.

ಬೆಂಗಳೂರಿಗೆ ಯಾರು ಕೊಟ್ಟರು? ಲಾಲ್‌ಬಾಗಿನ ಚರಿತ್ರೆ ಹೇಳುವವರೆಲ್ಲ ಜಾನ್ ಕ್ಯಾಮರೂನ್ ಹೆಸರು ಹೇಳುತ್ತಾರೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ ಬಂದ ಈತ 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತು 1908ರ ತನಕ ಇದ್ದರು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ. ಅವರ ನಂತರ ಬಂದ ಕೃಂಬಿಗಲ್ ಹೆಸರಿಗೆ ರಸ್ತೆ ಇದೆ, ಜನಕ್ಕೂ ನೆನಪಿದೆ. ಕ್ಯಾಮರೂನ್ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಆದರೆ ಅವರಿಂದ ಬಂತು ಅನ್ನುವ ಕಾಯಿ ವಾರಕ್ಕೊಮ್ಮೆಯಾದರೂ ನಮ್ಮ ಹುಳಿಯಲ್ಲಿ ಬೇಯುತ್ತದೆ. ನನ್ನನ್ನು ಕೇಳಿದರೆ ರಸ್ತೆಗಿಂತ ಅದೇ ಮೇಲು.

ಮೆಕ್ಸಿಕೋದ ಬೆಟ್ಟದ ಬಳ್ಳಿಗೆ ಬೆಂಗಳೂರು ಹೇಳಿ ಮಾಡಿಸಿದ ಜಾಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಜಾಸ್ತಿ ಸೆಕೆ ಇಲ್ಲ, ಹಿಮ ಬೀಳುವುದಿಲ್ಲ. 1809ರಿಂದ ದಂಡು ಪ್ರದೇಶ ಇತ್ತು. ಅಲ್ಲಿನ ಬಂಗಲೆಗಳಿಗೆ ಕೋಸು, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು ಬೇಕಿತ್ತು. ‘ಇಂಗ್ಲಿಷ್ ತರಕಾರಿ’ ಅಂತ ಒಂದು ಜಾತಿಯೇ ಹುಟ್ಟಿಕೊಂಡಿತು. (ನವಿಲುಕೋಸು ಅಂತ ಹೆಸರಿಟ್ಟವರಿಗೆ ಮಾತ್ರ ಕೈಮುಗಿಯಬೇಕು. ಸೀಮೆಕೋಸು ಅಂತ ಅಂಟಿಸಿ ಕೈತೊಳೆದುಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ.) ಮದ್ರಾಸಿನ ಕಡೆಗೆ ಜೋಲಾರ್‌ಪೇಟೆ ಮೂಲಕ 1864ರಿಂದಲೇ ರೈಲು ಓಡುತ್ತಿತ್ತು. ಸೆಕೆಯ ಊರಿಗೆ ತಂಪು ಊರಿನ ತರಕಾರಿ ಹೋಗುವುದಕ್ಕೆ ಇನ್ನೇನು ಬೇಕು? ತಮಿಳರು ಇದೊಂದಕ್ಕೇ ಬೆಂಗಳೂರಿನ ಹೆಸರಿಟ್ಟಿಲ್ಲ. ಗಟ್ಟಿ ತೊಗಲಿನ ಹೈಬ್ರಿಡ್ ಟೊಮೆಟೊ ಅವರಿಗೆ ಬೆಂಗಳೂರು ತಕ್ಕಾಳಿ. ತೋತಾಪುರಿ ಮಾವಿಗೂ ಬೆಂಗಳೂರ ಅನ್ನುವ ಹೆಸರಿದೆ.

ನಾವೂ ಕಡಿಮೆಯೇನಿಲ್ಲ. ಊರೂರಿನ ಕೆರೆ ಅಂಗಳ ನುಂಗಿರುವ ಆ ಮುಳ್ಳಿನ ಜಾಲಿಗೆ ಬಳ್ಳಾರಿ ಜಾಲಿ ಅಂತೇವೆ. ಅದೂ ಅಮೆರಿಕಾ ಖಂಡದ್ದು, ಮೆಕ್ಸಿಕೋದಲ್ಲೂ ಇದೆ. ಬಳ್ಳಾರಿಯವರು ಏನು ಪಾಪ ಮಾಡಿದ್ದರೋ. ತಮಿಳರು ಅದನ್ನು ‘ಸೀಮೈ ಕರುವೇಲಂ’ ಅನ್ನುತ್ತಾರೆ. ತರಕಾರಿಯ ವಿಷಯದಲ್ಲಿ ನಾವು ಸೀಮೆ ಅಂದೆವು, ಅವರು ಬೆಂಗಳೂರು ಅಂದರು. ಮುಳ್ಳಿನ ವಿಷಯದಲ್ಲಿ ಅದಲು ಬದಲು.

ಸೀಮೆಹುಣಸೆಯನ್ನೂ ನೋಡಿ. ಇಲಾಚಿ ಹುಣಸೆ ಅಂತಲೂ ಕರೆಯುತ್ತೇವೆ. ಶಾಲೆಯ ಬೇಲಿಯ ಹತ್ತಿರ ಸುರುಳಿ ಸುರುಳಿ ಕಾಯಿ, ಒಳಗೆ ಬಿಳಿ ತಿರುಳು. ಅದೂ ಮೆಕ್ಸಿಕೋ ಕಡೆಯದೇ. ಇಂಗ್ಲಿಷಿನಲ್ಲಿ ಅದಕ್ಕೆ ಮನಿಲಾ ಹುಣಸೆ ಅಂತ ಹೆಸರು. ಮೆಕ್ಸಿಕೋದ ಅಕಪುಲ್ಕೊ ಬಂದರಿನಿಂದ ಫಿಲಿಪೀನ್ಸಿನ ಮನಿಲಾಕ್ಕೆ 1565ರಿಂದ 1815ರ ತನಕ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಆ ದಾರಿಯಲ್ಲಿ ಬಂದ ಮೇಲೆ ಹೆಸರು ಮನಿಲಾದ್ದೇ ಉಳಿಯಿತು.

ಚೌಚೌ ಅನ್ನುವ ಹೆಸರೂ ಈಗ ನಮ್ಮಲ್ಲಿ ಬಳಕೆಗೆ ಬಂದಿದೆ. ತರಕಾರಿ ಆ್ಯಪ್‌ಗಳಲ್ಲಂತೂ ಬಹುಪಾಲು ಅದೇ. ಬ್ರೆಜಿಲ್‌ನಲ್ಲಿ ಶುಶು, ಮಾರಿಷಸ್‌ನಲ್ಲಿ ಶೂಶೂ, ವಿಯೆಟ್ನಾಮಿನಲ್ಲಿ ಸೂಸೂ, ಜಮೈಕಾದಲ್ಲಿ ಚೋಚೊ, ಆಸ್ಟ್ರೇಲಿಯಾದಲ್ಲಿ ಚೋಕೊ. ಕಿವಿಗೆ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಚೌಚೌ ಬಾತಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಅಂತ ಹೊರಗಿನಿಂದ ಬಂದವರಿಗೆ ಹೇಳಬೇಕಾಗುತ್ತದೆ. ಒಂದು ಕಡೆ ಖಾರಾಬಾತ್, ಇನ್ನೊಂದು ಕಡೆ ಕೇಸರಿಬಾತ್, ಅಷ್ಟೇ. ಆ ಚೌಚೌ ಬೇರೆ. ಬ್ರಿಟಿಷರ ಕಾಲದ ಪೂರ್ವದೇಶಗಳ ವ್ಯಾಪಾರಿ ಇಂಗ್ಲಿಷಿನಲ್ಲಿ ಬೆರಕೆಗೆ ಇದ್ದ ಪದ ಅದು. ತರಕಾರಿ ಹುಡುಕಿಕೊಂಡು ತಟ್ಟೆ ಕೆದಕಿದವರನ್ನು ನಾನು ಕಂಡಿದ್ದೇನೆ.

ರುಚಿಯ ವಿಷಯಕ್ಕೆ ಬಂದರೆ, ಸಪ್ಪೆ ಅಂತ ಇದನ್ನು ಪ್ರಪಂಚವೇ ಆಡಿಕೊಳ್ಳುತ್ತದೆ. ಬ್ರೆಜಿಲ್‌ನ ರಾಜಕಾರಣಿ ಜೆರಾಲ್ಡೊ ಆಲ್ಕ್‌ಮಿನ್‌ಗೆ ಅಲ್ಲಿಯ ಜನ ‘ಶುಶು ಐಸ್‌ಕ್ಯಾಂಡಿ’ ಅಂತ ಅಡ್ಡಹೆಸರಿಟ್ಟರು. ಸೀಮೆಬದನೆಯ ಐಸ್‌ಕ್ಯಾಂಡಿ! ಅಷ್ಟು ಸಪ್ಪೆ ಮನುಷ್ಯ ಅಂತ. ಆದರೂ 2023ರಲ್ಲಿ ಅವರು ಆ ದೇಶದ ಉಪಾಧ್ಯಕ್ಷರಾದರು. ಮೆಕ್ಸಿಕೋದಲ್ಲಿ ಪತ್ರಕರ್ತರಿಗೆ ಕೊಡುವ ಲಂಚಕ್ಕೆ ಆಡುಮಾತಿನಲ್ಲಿ ಚಯೋಟೆ ಅನ್ನುತ್ತಾರೆ. ತರಕಾರಿಗೆ ಇಂಥ ಮರ್ಯಾದೆ ಎಲ್ಲೂ ಸಿಕ್ಕಿರಲಾರದು.

ನಾನು ಸಪ್ಪೆ ಅನ್ನುವವರ ಪಕ್ಷವಲ್ಲ. ಕಡಲೆಬೇಳೆ ಹಾಕಿ ಪಲ್ಯ, ತೆಂಗಿನಕಾಯಿ ರುಬ್ಬಿ ಕೂಟು, ಮಜ್ಜಿಗೆಹುಳಿ, ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಸಿಪ್ಪೆಯನ್ನು ಉದ್ದಿನಬೇಳೆ, ಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ಹುರಿದು ರುಬ್ಬಿದ ಚಟ್ನಿ ತಿಂದವರು ಮತ್ತೆ ಸಪ್ಪೆ ಅನ್ನಲಾರರು. ಹೆಚ್ಚುವಾಗ ಕೈಗೆ ಮೆತ್ತುವ ಅಂಟು ಮಾತ್ರ ರಗಳೆ. ಕೈಗೆ ಚೂರು ಎಣ್ಣೆ ಸವರಿಕೊಂಡರೆ ಆಯಿತು.

ಆದರೆ ನಮಗೆ ಕೊಟ್ಟವರು ಕಾಯಿ ತಿನ್ನುವುದನ್ನಷ್ಟೇ ಕಲಿಸಿ ಹೋದರು. ಡಾರ್ಜಿಲಿಂಗ್, ನೇಪಾಳದ ಕಡೆ ಬಳ್ಳಿಯ ಎಳೆ ಕುಡಿಯನ್ನು ‘ಇಸ್ಕುಸ್‌ಕೊ ಮುಂಟಾ’ ಅಂತ ಸೊಪ್ಪಿನ ಹಾಗೆ ಬೇಯಿಸುತ್ತಾರೆ. ಗೆಡ್ಡೆಯನ್ನೂ ಅಗೆದು ತಿನ್ನುತ್ತಾರೆ. ಮೆಕ್ಸಿಕೋದಲ್ಲೂ ಗೆಡ್ಡೆಗೆ ಬೇರೆ ಹೆಸರೇ ಇದೆ, ಬೇಡಿಕೆಯೂ ಇದೆ. ನಮ್ಮ ಚಪ್ಪರಗಳಲ್ಲಿ ಕಾಯಿ ಕಿತ್ತ ಮೇಲೆ ಬಳ್ಳಿ ತಿಪ್ಪೆಗೆ ಹೋಗುತ್ತದೆ. ಗೆಡ್ಡೆ ಇದೆ ಅಂತ ಹೇಳಿದರೆ ‘ಹೌದಾ?’ ಅಂತ ಕೇಳುವವರೇ ಜಾಸ್ತಿ.

ನಮ್ಮ ಮನೆಯ ಶ್ರಾದ್ಧದ ಅಡುಗೆಯಲ್ಲಿ ಸೀಮೆಬದನೆಗೆ ಪ್ರವೇಶವಿಲ್ಲ. ಟೊಮೆಟೊ, ಆಲೂಗೆಡ್ಡೆ, ಕೋಸಿಗೂ ಇಲ್ಲ. ಮೆಣಸಿನಕಾಯಿಯೂ ಇಲ್ಲ, ಅದರ ಬದಲು ಕರಿಮೆಣಸು. ‘ಅವರ ಕಾಲದಲ್ಲಿ ಇರಲಿಲ್ಲವಲ್ಲ, ಅವರಿಗೆ ಹೇಗೆ ಬಡಿಸೋದು?’ ಅಂತ ಅಜ್ಜಿ ಹೇಳುತ್ತಿದ್ದರು. ಪಿತೃಗಳು ಹೊಸ ತರಕಾರಿ ನೋಡಿ ಗಾಬರಿಯಾಗಬಾರದು ಅನ್ನುವ ಕಾಳಜಿ. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲೇ ಬಂದದ್ದು. ಉಳಿದ ದಿನಗಳಲ್ಲಿ ಅದಿಲ್ಲದೆ ನಮ್ಮ ಒಲೆ ಉರಿಯುವುದಿಲ್ಲ. ಆದರೆ ಶ್ರಾದ್ಧದ ದಿನ ಅದರ ಹುಟ್ಟೂರು ಅಡುಗೆಮನೆಗೆ ನೆನಪಾಗುತ್ತದೆ.

ಒಂದು ಗಮನಿಸಿ. ಮೆಣಸಿನಕಾಯಿಗೆ ನಾವು ಸೀಮೆಮೆಣಸು ಅನ್ನಲಿಲ್ಲ. ಅದು ಬಂದಾಗ ಸೀಮೆಗೆ ಈ ಹೊರದೇಶದ ಅರ್ಥ ಇನ್ನೂ ಅಂಟಿರಲಿಲ್ಲ ಅನ್ನಿಸುತ್ತದೆ. ಪೋರ್ಚುಗೀಸರು ಪರಂಗಿಗಳು, ಅವರು ತಂದದ್ದು ಪರಂಗಿ ಹಣ್ಣು. ಅದೂ ಮೆಕ್ಸಿಕೋ ಕಡೆಯದು. (ತಮಿಳಿನಲ್ಲಿ ಪರಂಗಿಕ್ಕಾಯ್ ಅಂದರೆ ಸಿಹಿಕುಂಬಳ. ಮಾಮಿ ಪರಂಗಿ ಸಾಂಬಾರ್ ಅಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ದಿಗಿಲು.) ಇಂಗ್ಲಿಷರ ಕಾಲದಲ್ಲಿ ಬಂದದ್ದಕ್ಕೆ ಸೀಮೆ. ಹೆಸರು ನೋಡಿದರೆ ಯಾವ ಹಡಗಿನಲ್ಲಿ ಬಂತು ಅಂತ ಒಂದು ಮಟ್ಟಿಗೆ ಹೇಳಬಹುದು.

ಈಗ ಬರುವವಕ್ಕೆ ಈ ಯಾವ ಹೆಸರೂ ಇಲ್ಲ. ಬ್ರೊಕೊಲಿ ಬಂತು, ಯಾರೂ ಸೀಮೆಹೂಕೋಸು ಅನ್ನಲಿಲ್ಲ. ಜುಕಿನಿ ಬಂತು, ಜುಕಿನಿಯಾಗಿಯೇ ಉಳಿಯಿತು. ಹೆಸರು ಪ್ಯಾಕೆಟ್ಟಿನ ಮೇಲೆ ಅಚ್ಚಾಗಿ ಬರುತ್ತದೆ. ನಮ್ಮ ರೈತರೂ ಈಗ ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣೂ ಹಾಗೇ ಬಂತು. ಕೇಳಿದವರಿಗೆ ಚೀನಾದ್ದು ಅನ್ನಿಸುತ್ತದೆ, ಆದರೆ ಅದರ ಮೂಲವೂ ಮೆಕ್ಸಿಕೋ, ಮಧ್ಯ ಅಮೆರಿಕಾ ಕಡೆ. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ ಅದರ ಹೆಸರನ್ನು ‘ಕಮಲಂ’ ಅಂತ ಬದಲಿಸಿತು, ತಾವರೆಯ ಹಾಗೆ ಕಾಣುತ್ತದೆ ಅಂತ. ಗಿಡ ನೋಡಿದರೆ ಶುದ್ಧ ಕಳ್ಳಿ. ಅಜ್ಜಿ ಇದ್ದಿದ್ದರೆ ಸೀಮೆಕಳ್ಳಿ ಹಣ್ಣು ಅಂತ ಒಂದೇ ಮಾತಿಗೆ ಮುಗಿಸಿ, ಇದನ್ನು ಸಾರಿಗೆ ಹಾಕಬಹುದಾ ಅಂತ ಕೇಳುತ್ತಿದ್ದರು.